ಬೊಟ್ಟು ಅಂಟಿಸಿದ ಪುಟ

ಜುಲೈ ೮, ಸೋಮವಾರ. ಬೆಳಗ್ಗೆ ೭.೪೦, ಬಸ್ಸಿನಲ್ಲಿ

ಶ್ರೀರಂಗಪಟ್ಟಣದಿಂದ ಇವತ್ತೂ ನಿಂತೇ ಬಂದೆ. ಬಾಬುರಾಯನಕೊಪ್ಪಲಿನಲ್ಲಿ ಸೀಟು ಸಿಕ್ಕಿತು. ಇನ್ನು ಪಾಂಡವಪುರದವರೆಗೆ ಆರಾಮ. ಬ್ಯಾಗಿನಲ್ಲಿ ಕವನಸಂಕಲನ ಇದೆ, ತೆಗೆಯಲಿಲ್ಲ. ತಲೆಯಲ್ಲಿ ಬೇರೆಯದೇ ಓಡುತ್ತಿದೆ.

ಸರೋಜ ನನ್ನನ್ನು ಶಾಲೆಯ ಇನ್‌ಕ್ಲೂಷನ್ ಕಮಿಟಿಯ, ಅಂದರೆ ಯಾವ ಮಗುವೂ ಹೊರಗುಳಿಯದಂತೆ ನೋಡಿಕೊಳ್ಳುವ ಸಮಿತಿಯ, ಕೋಆರ್ಡಿನೇಟರ್ ಮಾಡಿದ್ದಾಳೆ. ಬೆಂಗಳೂರಿನ ಯಾವುದೋ ಸಂಸ್ಥೆ ‘ಎಲ್ಲರ ಶಾಲೆ’ ಎಂದು ಪ್ರಶಸ್ತಿ ಕೊಡುತ್ತದಂತೆ. ಪ್ರಶಸ್ತಿ ಮ್ಯಾನೇಜ್‌ಮೆಂಟಿಗಿರಲಿ. ಊಟದ ಹೊತ್ತಿಗೆ ಮಕ್ಕಳು ಯಾರೂ ಹೇಳದೆಯೇ ಕೇರಿ ಕೇರಿಯಾಗಿ ಕೂರುವುದನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಸರೋಜ ಪ್ರಿನ್ಸಿಪಾಲ್ ಆದ ಮೇಲಾದರೂ...

ಎಂ.ಎ.ಯಲ್ಲಿ ಒಂದೇ ಹಾಸ್ಟೆಲ್ ರೂಮು. ಒಬ್ಬಳು ಪದ್ಯ ಓದುವುದು, ಇನ್ನೊಬ್ಬಳು ಕಣ್ಣು ಮುಚ್ಚಿ ಕೇಳುವುದು. ಅವಳು ಕೇಳಿದರೆ ಇಲ್ಲ ಎನ್ನಲಾರೆ.

ಜುಲೈ ೧೨, ಶುಕ್ರವಾರ. ಸಂಜೆ

ಆರನೇ ತರಗತಿಯಲ್ಲಿ ಪುಸ್ತಕ ಶುರು ಮಾಡಿದೆ. ಉದ್ದ ನೋಟ್‌ಬುಕ್. ಮೂವತ್ತೆರಡು ಮಕ್ಕಳು, ಒಬ್ಬರಿಗೊಂದು ಹಾಳೆ. ಪ್ರಶ್ನೆ ಒಂದೇ — ಶಾಲೆಯಲ್ಲಿ ನೀನು ಏನನ್ನು ಬಚ್ಚಿಡುತ್ತೀಯ? ಹೆಸರು ಬರೆಯಬೇಕು, ನಾನು ಒಬ್ಬೊಬ್ಬರಿಗೂ ಉತ್ತರ ಬರೆಯಬೇಕಲ್ಲ. ಹಾಳೆ ಮಡಚಿ ಪಿನ್ ಹೊಡೆಯಬೇಕು. ನಾನೊಬ್ಬಳೇ ಓದುತ್ತೇನೆ ಎಂದು ಮಾತು ಕೊಟ್ಟೆ.

ಅಕ್ಷಿತಾ ಪಿನ್ ಹೊಡೆಯಲಿಲ್ಲ. ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಮಡಿಕೆಯ ಮೇಲೆ ಅಂಟಿಸಿದಳು. “ಇದು ಬಿಚ್ಚುದ್ರೆ ನಂಗೆ ಗೊತ್ತಾಯ್ತದೆ ಮಿಸ್.”

ಮನೆಗೆ ತಂದು ಓದಿದೆ. ಇಪ್ಪತ್ತಮೂರು ಮಕ್ಕಳು ಬರೆದಿರುವುದು ಬಾಡಿನ ವಿಷಯ, ಮಾಂಸದ್ದು. ಮನೆಯಲ್ಲಿ ತಿನ್ನುತ್ತೇವೆ, ಸ್ಕೂಲಲ್ಲಿ ಹೇಳಲ್ಲ. ನಮ್ಮ ಸ್ಕೂಲಿನ ಡಬ್ಬಿಗೆ ಮೊಟ್ಟೆಯೂ ನಿಷಿದ್ಧ. ಶಾಲೆಯ ಆಡಳಿತ ಮಂಡಳಿ ಸೆಕ್ರೆಟರಿ ಧರ್ಮೇಂದ್ರ ಅವರ ಮಗ ಕಿಶನ್ ಕೂಡ ಬರೆದಿದ್ದಾನೆ — ಭಾನುವಾರ ಅಪ್ಪನೇ ನಿಂತು ಕಾಲು ಸೂಪು ಮಾಡುತ್ತಾರಂತೆ.

ಅಕ್ಷಿತಾಳದು ಹೀಗಿದೆ: “ಸೋಮವಾರ ನನ್ನ ಡಬ್ಬೀಲಿ ಭಾನುವಾರದ ಬಾಡು ಇರುತ್ತೆ. ಸೋಯಾ ಮೀಲ್‌ಮೇಕರ್ ಅಂತ ಹೇಳ್ತೀನಿ. ಸ್ಮೃತಿ, ಮೀಲ್‌ಮೇಕರ್‌ಗೆ ಮೂಳೆ ಇರುತ್ತಾ ಅಂದಳು. ದೊಡ್ಡ ಮೀಲ್‌ಮೇಕರ್‌ಗೆ ಇರುತ್ತೆ ಅಂದೆ. ಸ್ಮೃತಿ ನನ್ನ ನೀರು ಕುಡಿತಾಳೆ. ಅವರಮ್ಮನಿಗೆ ಗೊತ್ತಿಲ್ಲ.”

ನಕ್ಕೂ ನಕ್ಕೂ ಸುಸ್ತಾದೆ. ಆಮೇಲೆ ಕೊನೆಯ ಸಾಲು ಮತ್ತೆ ಓದಿದೆ. ಸ್ಮೃತಿಯದು ದೇವಸ್ಥಾನದ ಅರ್ಚಕರ ಮನೆ. ಅಕ್ಷಿತಾಳ ತಾಯಿ ಪುಟ್ಟಲಕ್ಷ್ಮಮ್ಮ ಬೀದಿ ಗುಡಿಸುತ್ತಾರೆ. ಎರಡು ಮಕ್ಕಳು, ಒಂದು ನೀರಿನ ಬಾಟಲಿ. ಇಷ್ಟು ಚೆನ್ನಾದ ಪದ್ಯ ಈ ವರ್ಷ ಓದಿಲ್ಲ.

ಬೊಟ್ಟನ್ನು ಇದ್ದ ಜಾಗದಲ್ಲೇ ಅಂಟಿಸಿದೆ.

ಜುಲೈ ೨೬, ಶುಕ್ರವಾರ

ಸರೋಜ ಪುಸ್ತಕ ಕೇಳಿದಳು. ಪ್ರಶಸ್ತಿಯ ವರದಿಗೆ ಅಂಕಿಅಂಶ ಬೇಕಂತೆ. ಎಷ್ಟು ಮಕ್ಕಳು ಏನು ಬರೆದರು ಅಂತ ನಾನೇ ಎಣಿಸಿ ಕೊಡುತ್ತೇನೆ ಅಂದೆ. “ನನ್ನನ್ನೂ ನಂಬಲ್ವೇನೇ ಆರತಿ?” ಅಂದಳು. ನಗುತ್ತಲೇ ಅಂದಳು.

ಕೊಟ್ಟೆ. ಸೋಮವಾರ ವಾಪಸ್ ಕೊಡುತ್ತಾಳೆ.

ಆಗಸ್ಟ್ ೩, ಶನಿವಾರ. ಮಧ್ಯಾಹ್ನ ೩

ಮೀಟಿಂಗು ಮುಗಿದ ತಕ್ಷಣ ಸ್ಟಾಫ್ ರೂಮಿಗೆ ಬಂದು ಬರೆಯುತ್ತಿದ್ದೇನೆ.

ಪೋಷಕರ ಮೀಟಿಂಗು. ಧರ್ಮೇಂದ್ರ ಅವರ ಕೈಯಲ್ಲಿ ನನ್ನ ಪುಸ್ತಕ. ಮಕ್ಕಳ ಮನಸ್ಸು ಹೇಗಿದೆ ನೋಡಿ ಎಂದು ಶುರು ಮಾಡಿ, ಸೀದಾ ಅಕ್ಷಿತಾಳ ಪುಟಕ್ಕೆ ಬಂದರು. ಹೆಸರು ಸಮೇತ ಓದಿದರು. ‘ದೊಡ್ಡ ಮೀಲ್‌ಮೇಕರ್‌ಗೆ ಇರುತ್ತೆ’ — ಹಾಲ್‌ಗೆ ಹಾಲೇ ನಕ್ಕಿತು. ನಾನು ಒಬ್ಬಳೇ ನಕ್ಕ ಸಾಲು ಅದು. ನೀರಿನ ಸಾಲು ಬಂದಾಗ ನಗು ನಿಂತಿತು. ಸ್ಮೃತಿಯ ತಂದೆ ಸುಶಮೀಂದ್ರ ಎದ್ದು ಹೊರಗೆ ಹೋದರು. ಅವರ ಹಿಂದೆಯೇ ನಾಲ್ಕು ಜನ.

ಪುಟ್ಟಲಕ್ಷ್ಮಮ್ಮ ಹಿಂದಿನ ಸಾಲಿನಲ್ಲಿದ್ದರು. ಹಸಿರು ಸೀರೆ. ನೆಲ ನೋಡುತ್ತಿದ್ದರು.

ಸರೋಜ ವೇದಿಕೆಯ ಮೇಲೆ ಪೆನ್ನಿನ ಕ್ಯಾಪು ತಿರುಗಿಸುತ್ತಾ ಕೂತಿದ್ದಳು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನಾದರೂ ಎದ್ದು ಕಿತ್ತುಕೊಳ್ಳಬಹುದಿತ್ತು. ಏಳಲಿಲ್ಲ.

ಆಗಸ್ಟ್ ೫, ಸೋಮವಾರ

ಸರ್ಕ್ಯುಲರ್ ಬಂದಿದೆ. “ಇನ್‌ಕ್ಲೂಷನ್ ಕಮಿಟಿಯ ಶಿಫಾರಸಿನಂತೆ, ಮಕ್ಕಳ ಆಹಾರ ವೈವಿಧ್ಯವನ್ನು ಗೌರವಿಸಿ, ಕೆಳಕಂಡ ವಿದ್ಯಾರ್ಥಿಗಳಿಗೆ ಹಳೆಯ ಲ್ಯಾಬಿನಲ್ಲಿ ಪ್ರತ್ಯೇಕ ಊಟದ ವ್ಯವಸ್ಥೆ ಮಾಡಲಾಗಿದೆ.” ಕೆಳಗೆ ನನ್ನ ಹೆಸರು. ಕಮಿಟಿ ಅಂದರೆ ನಾನೇ ತಾನೆ.

ಬಾಡು ತಿನ್ನುತ್ತೇವೆಂದು ಬರೆದವರು ಇಪ್ಪತ್ತಮೂರು. ಪಟ್ಟಿಯಲ್ಲಿರುವುದು ಏಳು ಹೆಸರು. ಕಿಶನ್ ಇಲ್ಲ. ಊರ ಗೌಡರ ಮಕ್ಕಳು ಯಾರೂ ಇಲ್ಲ. ಏಳೂ ಮಕ್ಕಳು ಊರಾಚೆಯ ಕೇರಿಯವರು. ಆಹಾರ ವೈವಿಧ್ಯವಂತೆ.

ಒಂದು ಗಂಟೆಗೆ ಬೆಲ್ಲಾಯಿತು. ಏಳು ಮಕ್ಕಳು ಡಬ್ಬಿ ಹಿಡಿದು ಲ್ಯಾಬಿನ ಕಡೆ ನಡೆದರು. ಅಕ್ಷಿತಾ ನನ್ನ ಮುಂದೆ ನಿಂತಳು. ಅಳಲಿಲ್ಲ.

“ನೀವೊಬ್ರೇ ಓದ್ತೀನಿ ಅಂದಿದ್ರಿ ಮಿಸ್.”

ಅಷ್ಟೇ.

ಆಗಸ್ಟ್ ೬, ಮಂಗಳವಾರ

ಸರೋಜಳ ಚೇಂಬರಿಗೆ ಹೋದೆ. ಕೂರು ಅಂದಳು, ಕೂರಲಿಲ್ಲ. ಊಟಕ್ಕೆ ಬೇರೆ ಕೂರಿಸದಿದ್ದರೆ ನಲವತ್ತು ಮನೆಯವರು ಮಕ್ಕಳನ್ನು ಶಾಲೆ ಬಿಡಿಸುತ್ತೇವೆ ಎಂದಿದ್ದಾರಂತೆ. ಧರ್ಮೇಂದ್ರ ಅವರು ಪುಸ್ತಕ ತೆಗೆದುಕೊಂಡು ಹೋಗಿ ಓದುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವಂತೆ. ಸರ್ಕ್ಯುಲರ್? ಅದು ಗೊತ್ತಿತ್ತು. ಬರೆದವಳೂ ಅವಳೇ. ಆ ವಾಕ್ಯದ ಲಯ ನನಗೆ ಗೊತ್ತಿಲ್ಲವೇ.

“ನಿನ್ನ ಹೆಸರು ಹಾಕಿದ್ರೆ ಆ ಮಕ್ಕಳು ಒಪ್ಕೋತಾರೆ ಕಣೇ. ನಿನ್ನನ್ನ ನಂಬ್ತಾರೆ.”

ಇಪ್ಪತ್ತೈದು ವರ್ಷದ ಗೆಳೆತನದಲ್ಲಿ ಅವಳು ಆಡಿದ ಅತ್ಯಂತ ನಿಜವಾದ ಮಾತು.

ಪುಸ್ತಕ ವಾಪಸ್ ಕೊಟ್ಟಳು. ಅಕ್ಷಿತಾಳ ಬೊಟ್ಟು ಇರಬೇಕಾದಲ್ಲಿ ಅಂಟಿನ ಕಲೆ. ಬೊಟ್ಟು ಹಿಂದಿನ ರಟ್ಟಿಗೆ ಅಂಟಿತ್ತು, ಧೂಳು ಹಿಡಿದು.

ಆಗಸ್ಟ್ ೯, ಶುಕ್ರವಾರ

ತಪ್ಪಾಯಿತು ಎಂದು ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿದೆ. ಬರೆಯಬೇಕೆನಿಸಿದವರು ಬರೆಯಿರಿ ಎಂದು ಹೊಸ ಹಾಳೆ ಕೊಟ್ಟೆ. ಯಾಕೆ ಕೊಟ್ಟೆನೋ... ಕ್ಷಮೆಯೂ ಅದೇ ಹಾಳೆಯಲ್ಲಿ ಬೇಕಿತ್ತೇನೋ ನನಗೆ.

ಎಲ್ಲರೂ ಬರೆದರು. ಎಲ್ಲರದೂ ಒಂದೇ ವಾಕ್ಯ. “ನಾನು ಏನನ್ನೂ ಬಚ್ಚಿಡುವುದಿಲ್ಲ.” ಕಿಶನ್ ಕೂಡ. ಸ್ಮೃತಿ ಕೂಡ. ದುಂಡಗಿನ ಅಕ್ಷರ, ಕೆಳಗೊಂದು ಗೆರೆ. ಯಾರೂ ಹಾಳೆ ಮಡಚಿರಲಿಲ್ಲ.

ಅಕ್ಷಿತಾ ಬಂದಿರಲಿಲ್ಲ.

ಆಗಸ್ಟ್ ೨೯, ಗುರುವಾರ

ಇಪ್ಪತ್ತು ದಿನ ಈ ಡೈರಿ ಮುಟ್ಟಲಿಲ್ಲ. ಬರೆದದ್ದು ಯಾರ ಕೈಗೆ ಹೋಗುತ್ತದೋ ಎಂಬ ಭಯ. ನಲವತ್ತೆಂಟು ವರ್ಷಕ್ಕೆ ಆ ಮಕ್ಕಳ ಪಾಠ ನಾನು ಕಲಿತೆ.

ಪ್ರಶಸ್ತಿ ಬಂದಿದೆ. ರಿಸೆಪ್ಷನ್ನಿನಲ್ಲಿ ಗಾಜಿನ ಫಲಕ. ಶನಿವಾರ ಸಮಾರಂಭ, ನಾನೊಂದು ಕವಿತೆ ಓದಬೇಕಂತೆ. ಓದುವುದಿಲ್ಲ ಎಂದು ಚೀಟಿ ಕಳಿಸಿದೆ.

ಪುಟ್ಟಲಕ್ಷ್ಮಮ್ಮ ಟಿ.ಸಿ. ಕೇಳಲು ಬಂದಿದ್ದರು. ಮಗಳನ್ನು ಸರ್ಕಾರಿ ಶಾಲೆಗೆ ಹಾಕುತ್ತಾರೆ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು. ಬನ್ನಿ, ಕೂತ್ಕೊಳ್ಳಿ ಅಂದೆ. ಬರಲಿಲ್ಲ.

“ಬಾಡು ತಿನ್ನೋದು ಗೊತ್ತಾಯ್ತಲ್ಲ ಅಂತ ನಂಗೇನು ನಾಚ್ಕೆ ಇಲ್ಲ ಕಣ್ರವ್ವ. ಯಾರ್ ತಿನ್ನಕಿಲ್ಲ? ಮಗು ಈಗ ಮನೇಲೂ ಮಾತಾಡಕಿಲ್ಲ. ನಾ ಏನಾರ ಕೇಳುದ್ರೆ, ಯಾರ್‌ಗೆ ಯೋಳ್ತೀಯವ್ವ ಅಂತದೆ.”

ಹೊರಡುತ್ತಾ ತಿರುಗಿ, “ನೀವು ಒಳ್ಳೇವ್ರು ಅಂತಿತ್ತು” ಅಂದರು.

ಟಿ.ಸಿ.ಯ ಕರಡು ತುಂಬುವುದು ಕ್ಲಾಸ್ ಟೀಚರ್ ಕೆಲಸ. ಫಾರಂ ಮನೆಗೆ ತಂದಿದ್ದೇನೆ.

ಆಗಸ್ಟ್ ೩೦, ಶುಕ್ರವಾರ. ಬೆಳಗ್ಗೆ ೬.೩೦

ಹೆಸರು, ಜನ್ಮದಿನಾಂಕ, ನಡತೆ — ಉತ್ತಮ. ಎಲ್ಲ ತುಂಬಿದೆ. ‘ಶಾಲೆ ಬಿಡಲು ಕಾರಣ’ ಉಳಿದಿತ್ತು. ಅಲ್ಲಿ ಎಲ್ಲರಿಗೂ ಬರೆಯುವುದು ಒಂದೇ: ಪೋಷಕರ ಕೋರಿಕೆ. ನಾನೇ ನೂರಾರು ಮಕ್ಕಳಿಗೆ ಬರೆದಿದ್ದೇನೆ. ಅವರಲ್ಲಿ ಇನ್ನೆಷ್ಟು ಜನ ಹೀಗೆ ಹೋದರೋ, ಕೇಳಲೇ ಇಲ್ಲ.

ಮಗುವಿನ ಕೈಗೆ ಹೋಗುವುದು ಕೊನೆಯ ಪ್ರತಿ, ಅದರಲ್ಲಿ ನನ್ನ ಸಿಟ್ಟು ಇರಬಾರದು. ಕರಡಿನಲ್ಲಿ ಮಾತ್ರ. ಸರೋಜ ಓದಿ ಸಹಿ ಹಾಕಬೇಕಾದ ಕರಡಿನಲ್ಲಿ.

ಪೆನ್ನಿನಲ್ಲೇ ಬರೆದೆ: ‘ತರಗತಿ ಶಿಕ್ಷಕಿ ಮಾತಿಗೆ ತಪ್ಪಿದ್ದರಿಂದ.’ ಕೆಳಗೆ ನನ್ನ ಸಹಿ. ಈ ಸಲ ನಾನೇ ಹಾಕಿದ್ದು.

ಅದರ ಪಕ್ಕ ಪ್ರಿನ್ಸಿಪಾಲ್ ಸಹಿಗೆ ಜಾಗ ಖಾಲಿ ಇದೆ. ಒಂಬತ್ತಕ್ಕೆ ಅವಳ ಮೇಜಿನ ಮೇಲೆ ಇಡುತ್ತೇನೆ. ಓದಿ, ಕ್ಯಾಪು ತಿರುಗಿಸುತ್ತಾ, ಬೇರೆ ಫಾರಂ ತರಿಸುತ್ತಾಳೋ, ಇಲ್ಲ ತಲೆಯೆತ್ತಿ ನನ್ನನ್ನು ನೋಡುತ್ತಾಳೋ.