ಹದಿನೆಂಟು ಕಿಲೋ ಹೆಚ್ಚಾದ ಎಂಜಿನ್

ಮಾರ್ಚ್ ೧೪, ಶನಿವಾರ

ಹದಿನೆಂಟು ಕಿಲೋ! ಅಯ್ಯೋ, ಮೂರು ವರ್ಷ ಶೆಡ್ಡಿನಲ್ಲಿ ಕೈಯಾರೆ ಕಟ್ಟಿದ ನನ್ನ ವಿಮಾನವೇ, ಎಂಜಿನ್ ಬಂದ ದಿನವೇ ಇಂಥ ಸಿಡಿಲು ಬಡಿಯಬೇಕೇ!

ರೋಟರಿ ಎಂಜಿನ್ನನ್ನು ಆರಿಸಿದ್ದೇ ನನ್ನ ಹೆಂಡತಿಗಾಗಿ. ಪಿಸ್ಟನ್ ಮೇಲೆ ಕೆಳಗೆ ಕುಣಿಯುವ ಎಂಜಿನ್ನಿನ ನಡುಕವನ್ನು ಅವಳ ಬೆನ್ನು ತಡೆಯದು. ರೋಟರಿ ತನ್ನ ಪಾಡಿಗೆ ಸುತ್ತುತ್ತದೆ. ತೂಕವೂ ಕಡಿಮೆ ಎಂದು ರಾಜಠೀವಿಯಲ್ಲಿ ಸಾರಿದ್ದೆ. ಇವತ್ತು ಮೆಕ್ಯಾನಿಕ್ ಗೆಳೆಯ ನನ್ನ ಲೆಕ್ಕದ ಹಾಳೆ ನೋಡಿ ನಕ್ಕುಬಿಟ್ಟ.

"ಬರೀ ಎಂಜಿನ್ ತೂಗಿದ್ದೀಯಲ್ಲೋ ಮಹಾರಾಯ! ರೇಡಿಯೇಟರ್, ಅದರ ನೀರು, ಗೇರ್‌ಬಾಕ್ಸ್ ಎಲ್ಲಾ ತಲೆ ಮೇಲೆ ಹೊತ್ಕೊಂಡು ಹಾರ್ತೀಯಾ?"

ಎಲ್ಲ ಸೇರಿಸಿದರೆ, ಇಬ್ಬರು ಕೂತು ಹಾರಬಹುದಾದ ಮಿತಿಗಿಂತ ಹದಿನೆಂಟು ಕಿಲೋ ಹೆಚ್ಚು. ಯಾರಿಗಾಗಿ ತಂದೆನೋ ಅವಳಿಗೇ ಜಾಗವಿಲ್ಲ. ನಾಟಕದ ರಂಗದ ಮೇಲೆ ಸಾವಿರ ಜನರೆದುರು ರಾಜನಾಗಿ ಗರ್ಜಿಸಿದವನು ಹೆಂಡತಿಯೆದುರು ತಲೆ ತಗ್ಗಿಸಿ ನಿಂತೆ. "ಎಂಜಿನ್ ವಾಪಸ್ ಕೊಟ್ಬಿಡ್ತೀನಿ ಕಣೇ" ಎಂದೆ.

ಸೀಟಿನ ಹೊದಿಕೆ ಹೊಲಿಯುತ್ತಿದ್ದವಳು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು. ನೋಟ ಹೊಟ್ಟೆಯ ಹತ್ತಿರ ಬಂದು ನಿಂತಿತು.

"ಯಾಕ್ರೀ ವಾಪಸ್ಸು? ಹದಿನೆಂಟು ಕಿಲೋ ಇಲ್ಲೇ ಇದೆಯಲ್ಲ!"

ತೀರ್ಮಾನವಾಯಿತು. ರೋಟರಿಯೇ ಇರಲಿ, ಸೀಟೂ ಎರಡಿರಲಿ. ರಾತ್ರಿ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಹೊಟ್ಟೆ ರಣಭೇರಿ ಬಾರಿಸುತ್ತಿದೆ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಇನ್ನೂ ಓಡುತ್ತಿದೆ. ಹಾರುವ ದಿನಕ್ಕೆಂದು ಹೊಲಿದಿಟ್ಟ ನನ್ನ ಮೇಲಂಗಿಯ ಸೊಂಟವನ್ನು ಈಗಲೇ ನಾಲ್ಕು ಬೆರಳು ಬಿಗಿ ಮಾಡುತ್ತಿದ್ದಾಳೆ. ನನ್ನ ಮೇಲೆ ಇಷ್ಟೊಂದು ನಂಬಿಕೆ ಯಾವ ಪ್ರೇಕ್ಷಕರಿಗೂ ಇರಲಿಲ್ಲ.