ಹೊಸಬನ ಗೆರೆ

ಜುಲೈ ೩, ಬೆಳಿಗ್ಗೆ

ಪ್ರಾರ್ಥನೆ ಮುಗಿಸಿ ಮೇಜಿಗೆ ಕುಳಿತೆ. ಇಂದೂ ಎಡಗೈಗೇ ಪೆನ್ಸಿಲು. ಬಾಗಿಲ ಬಳಿಯ ಚಪ್ಪಲಿಗಳನ್ನು ಬರೆದೆ. ಒಂದು ಚಪ್ಪಲಿಯಂತೆಯೇ ಇದೆ, ಮತ್ತೊಂದು ದೋಣಿ. ಆದರೂ ಫೋಟೋ ತೆಗೆದು ಬ್ಲಾಗಿಗೆ ಏರಿಸಿದೆ. ‘ಹೊಸಬನ ಗೆರೆ’ ಎಂದು ಹೆಸರು. ಹೊಸಬ ಯಾರೆಂಬುದು ಅಲ್ಲೆಲ್ಲೂ ಇಲ್ಲ. ಜೀವಮಾನವೆಲ್ಲ ಚಿತ್ರಕಲೆ ಬೋಧಿಸಿದವನೆಂದು ತಿಳಿದರೆ ನಕ್ಕಾರು.

ಬಲಗೈ ನಡುಕ ಹೆಚ್ಚಿದೆ. ವೈದ್ಯರ ಮಾತು ಸ್ಪಷ್ಟ — ಮಾತ್ರೆಗೆ ತಗ್ಗಬಹುದು, ಹೋಗದು. ಇದನ್ನು ಬಲ್ಲವರು ವೈದ್ಯರು, ಮನೆಯಾಕೆ, ಸರ್ವಸಾಕ್ಷಿಯಾದ ಭಗವಂತ. ಶಾಲೆಯಲ್ಲಿ ಭುಜದ ನೋವೆಂದಿದ್ದೇನೆ. ಹಲಗೆಯ ಮೇಲೆ ಬರೆದು ತೋರಿಸುವುದನ್ನು ಬಿಟ್ಟು ಪ್ರೊಜೆಕ್ಟರಿಗೆ ಶರಣಾಗಿದ್ದೇನೆ. ನಿವೃತ್ತಿಯ ವಯಸ್ಸು ದಾಟಿದವನು. ವರ್ಷವರ್ಷಕ್ಕೂ ಮುಂದುವರಿಸುತ್ತ ಬಂದಿದ್ದಾರೆ. ಕೈ ನಿಲ್ಲದ ಶಿಕ್ಷಕನನ್ನು ಯಾರು ಮುಂದುವರಿಸಿಯಾರು?

ಜುಲೈ ೬

ಮೊದಲ ಕಾಮೆಂಟು! ‘ಬೆಕ್ಕಿನ ಮೀಸೆ’ ಎಂಬ ಹೆಸರಿನವರದು.

“ಚಪ್ಪಲಿ ಬರೀಬೇಡಿ. ಚಪ್ಪಲಿ ಸುತ್ತ ಇರೋ ಖಾಲಿ ಜಾಗ ಬರೀರಿ. ಖಾಲಿ ಜಾಗಕ್ಕೂ ಹೊಟ್ಟೆ ಬೆನ್ನು ಇರುತ್ತೆ.”

ಹೊಟ್ಟೆ ಬೆನ್ನಿನ ಮಾತು ನನ್ನದೇ. ಒಂಬತ್ತನೆಯ ತರಗತಿಗೆ ನಾನೇ ಹೇಳಿಕೊಟ್ಟದ್ದು. ಬರೆದವರು ನನ್ನ ಶಿಷ್ಯರೇ ಸರಿ. ಯಾರೋ ತಿಳಿಯದು.

ಭಯದ ಜೊತೆಗೆ ಸಂತೋಷವೂ ಆಯಿತೆಂದು ಬರೆಯದಿದ್ದರೆ ಅಸತ್ಯವಾದೀತು. ಮೂರು ಸಲ ಓದಿದೆ. ಬಳಿಕ ಚಪ್ಪಲಿಯನ್ನು ಹಾಗೆಯೇ ಬರೆದೆ. ಸುಧಾರಿಸಿದೆ!

ಜುಲೈ ೧೪

ದಿನಕ್ಕೊಂದು ಚಿತ್ರ. ಮನೆಯಾಕೆಯ ಕನ್ನಡಕ. ಒಣಗಲು ಹಾಕಿದ ಟವೆಲ್ಲು. ಕಿಟಕಿಯ ಬೆಳಕು ಬಿದ್ದ ಹಾಲಿನ ಪಾತ್ರೆ — ಎಷ್ಟು ಕಾಲದಿಂದ ಅಲ್ಲೇ ಇತ್ತು, ಬಲಗೈ ಅದನ್ನು ನೋಡಿಯೇ ಇರಲಿಲ್ಲ. ಬಲ್ಲ ಕೈಗೆ ನೋಡುವ ತಾಳ್ಮೆಯಿರಲಿಲ್ಲವೇನೋ. ಈ ವಯಸ್ಸಿನಲ್ಲಿ ಅಕ್ಷರಾಭ್ಯಾಸದ ಸುಖ ದೊರೆತದ್ದು ದೈವಕೃಪೆ.

ಬೆಕ್ಕಿನ ಮೀಸೆಯದು ಮಾತ್ರ ನಿಷ್ಠುರ ನಾಲಿಗೆ. “ಪಾತ್ರೆ ಪರವಾಗಿಲ್ಲ. ಹಾಲು ಚೆಲ್ಲುತ್ತೆ ಅಷ್ಟೆ. ನಿಮಗೆ ಕಲಿಸ್ತಿರೋದು ಯಾರು? ಮೊದಲು ಮೇಷ್ಟ್ರನ್ನ ಬದಲಾಯಿಸಿ.”

ಒಬ್ಬನೇ ಗಟ್ಟಿಯಾಗಿ ನಕ್ಕೆ. ಒಳಗಿನಿಂದ ಇವಳು — “ಏನಾಯ್ತು ರೀ?” — ಬಂದು ಓದಿದಳು. “ಸರಿಯಾಗೇ ಬರೆದಿದೆ ಆ ಮಗು” ಎಂದು ಹೋದಳು.

ಜುಲೈ ೨೧

ಬೆಳಿಗ್ಗೆ ತೆರೆದಾಗ ಉದ್ದನೆಯ ಕಾಮೆಂಟು. ಇಲ್ಲಿ ಪ್ರತಿಮಾಡುತ್ತೇನೆ.

“ಇನ್ನು ನಾನು ಹೆಚ್ಚು ಬರಲ್ಲ ಅಂಕಲ್. ಡ್ರಾಯಿಂಗ್ ಬಿಟ್ಟು ಕಂಪ್ಯೂಟರ್ ತಗೋತೀನಿ. ಶುಕ್ರವಾರ ಅರ್ಜಿ ಕೊಡೋಕೆ ಕೊನೇ ದಿನ. ತಮಾಷೆಗೆ ಹಲಗೆ ಮೇಲೆ ನಮ್ಮ ಸರ್ ಮೂಗು ಬರೆದಿದ್ದೆ. ಅವತ್ತಿಂದ ಅವರು ಸೀಮೆಸುಣ್ಣನೇ ಮುಟ್ಟಿಲ್ಲ. ನನ್ನಿಂದ ಇಡೀ ಕ್ಲಾಸಿಗೆ ಶಿಕ್ಷೆ ಆಯ್ತು.”

ಗುಬ್ಬಿ! ಮುಂದಿನ ಸಾಲಿನ ಗುಬ್ಬಿ. ಆ ಮೂಗು ನನಗೆ ಚೆನ್ನಾಗಿ ನೆನಪಿದೆ. ಎರಡೇ ಗೆರೆಯಲ್ಲಿ ನನ್ನ ವಂಶವನ್ನೇ ಹಿಡಿದಿದ್ದಳು. ಒರೆಸಲು ಮನಸ್ಸಾಗದೆ ಅಂದು ಹಲಗೆಯನ್ನು ಹಾಗೇ ಬಿಟ್ಟು ಬಂದಿದ್ದೆ. ಕೈ ಪೂರ್ತಿ ಸೋತದ್ದು ಮರುದಿನ. ಅವಳ ಲೆಕ್ಕದಲ್ಲಿ ಎರಡೂ ಒಂದೇ ಆಗಿವೆ.

ಹೊಸಬನಾಗಿ ಉತ್ತರಿಸಿದೆ — “ನಿಮ್ಮ ಗುರುಗಳಿಗೆ ಕೋಪವಿರಲಾರದು.”

ತಕ್ಷಣ ಬಂತು — “ನಿಮಗೇನು ಗೊತ್ತು ಅಂಕಲ್?”

ಜುಲೈ ೨೨

ತರಗತಿ ಮುಗಿದ ಮೇಲೆ ಗುಬ್ಬಿಯನ್ನು ನಿಲ್ಲಿಸಿಕೊಂಡೆ.

“ನಿನ್ನ ಮೇಲೆ ನನಗೆ ಕೋಪವಿಲ್ಲಮ್ಮ.”

“ಹಾಗಾದ್ರೆ ಬರೆದು ತೋರಿಸಿ ಸರ್. ಒಂದೇ ಒಂದು ಗೆರೆ.”

“ಭುಜ ನೋವು.”

ನೆಲ ನೋಡುತ್ತಿದ್ದವಳು ತಲೆಯೆತ್ತಿದಳು. “ನಿನ್ನೆ ಜೇಡಿಮಣ್ಣಿನ ಮೂಟೆ ಆ ಭುಜದ ಮೇಲೇ ಹೊತ್ಕೊಂಡು ಬಂದ್ರಲ್ಲ ಸರ್?”

ಬಲಗೈಯನ್ನು ಜೇಬಿನಲ್ಲೇ ಬಿಗಿಹಿಡಿದು ನಿಂತಿದ್ದೆ. ಅದು ಅಲ್ಲಿಯೂ ಸುಮ್ಮನಿರಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ಹೋದಳು. ಸುಳ್ಳು ಹೇಳುವ ಮೇಷ್ಟ್ರೆಂದು ಈಗ ಖಾತ್ರಿಯಾಯಿತು ಅವಳಿಗೆ.

ಜುಲೈ ೨೪, ಸಂಜೆ

ನಿನ್ನೆ ಏನೂ ಬರೆಯಲಿಲ್ಲ. ಇಲ್ಲಿಯೂ ಇಲ್ಲ, ಬ್ಲಾಗಿನಲ್ಲಿಯೂ ಇಲ್ಲ.

ಇವಳೊಂದಿಗೆ ಮಾತಾಯಿತು.

“ಹೇಳಿಬಿಡಿ. ಕೈ ನಡುಗುತ್ತೆ, ಅಷ್ಟೆ ತಾನೆ? ಕದ್ದ ಮಾಲೇನಲ್ಲ.”

“ಮಕ್ಕಳಿಗೆ ಹೇಳಿದರೆ ಪ್ರಿನ್ಸಿಪಾಲರಿಗೆ ಹೇಳಿದಂತೆ. ಕೆಲಸ ಹೋದೀತು.”

“ಹೋದ್ರೆ ಮನೇಲಿರ್ತೀರಿ. ಕಷ್ಟ ನನಗೆ, ನಿಮಗಲ್ಲ.” ಮತ್ತೆ ಅವಳೇ — “ಆ ಮಗು ಮೂಗು ಅಷ್ಟು ಚೆನ್ನಾಗಿ ಬರೆಯುತ್ತೆ ಅಂದ್ರಿ. ಬಿಟ್ಟುಬಿಡೋದಾ?”

ನಾಳೆ ಶುಕ್ರವಾರ. ಪ್ರಾರ್ಥನೆಗೆ ಕುಳಿತೆ. ಕೈ ನಿಲ್ಲಿಸೆಂದು ಬೇಡಲು ನಾಲಿಗೆ ಏಳಲಿಲ್ಲ. ಅಂಜಿಕೆಯನ್ನು ನಿಲ್ಲಿಸೆಂದು ಬೇಡಿದೆ.

ಜುಲೈ ೨೫, ಮಧ್ಯಾಹ್ನ — ತರಗತಿಯಲ್ಲಿ

ಮಕ್ಕಳು ಬರೆಯುತ್ತಿದ್ದಾರೆ. ಆ ಸಂದಿನಲ್ಲಿ ಇದು.

ಪ್ರೊಜೆಕ್ಟರಿನ ಪ್ಲಗ್ಗು ಕಿತ್ತೆ. ಬಲಗೈ ಹೊರತೆಗೆದು ಎಲ್ಲರೆದುರು ಚಾಚಿದೆ. ಎಲೆಯಂತೆ ಅಲುಗಿತು. “ಭುಜ ನೋವು ಸುಳ್ಳು. ನನಗೆ ಕೋಪ ಅಂದುಕೊಂಡಿದ್ದೂ ಸುಳ್ಳು. ನಿಜ ಇದು” ಎಂದೆ. ಆಮೇಲೆ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಮೇಜಿನ ಮೇಲಿದ್ದ ಕೆಟಲನ್ನು ಬರೆಯತೊಡಗಿದೆ. ಗೆರೆ ತೂಕಡಿಸಿತು, ಎಚ್ಚೆತ್ತಿತು, ಮತ್ತೆ ತೂಕಡಿಸಿತು. ಹಿಂದೆ ಯಾರೋ ಕಿಸಕ್ಕೆಂದರು. ಕಿವಿ ಬಿಸಿಯಾಯಿತು. ನಿಲ್ಲಿಸಲಿಲ್ಲ.

“ಹೊಸಬ!”

ಗುಬ್ಬಿಯ ಸ್ವರ. ಬ್ಲಾಗಿನ ಗೆರೆಯ ಗುರುತು ಹಿಡಿದಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. “ಸರ್... ನಾನು ಮೇಷ್ಟ್ರನ್ನ ಬದಲಾಯಿಸಿ ಅಂತ...”

“ಬದಲಾಯಿಸಿದ್ದೇನೆ. ಈಗ ನೀನೇ.”

ಅವಳು ನಗಲಿಲ್ಲ. ಎದ್ದು ಹೊರಗೆ ನಡೆದಳು, ಅರ್ಜಿ ಕೈಯಲ್ಲೇ ಇತ್ತು. ಕೆಟಲಿನ ಹೊಟ್ಟೆಯ ಅರ್ಧಕ್ಕೆ ನನ್ನ ಕೈ ನಿಂತಿತು. ಕಾರಿಡಾರಿನ ತುದಿಯಲ್ಲೇ ಆಫೀಸು. ಇತ್ತ ನೋಡಿದರೆ ಬಾಗಿಲಲ್ಲಿ ಪ್ರಿನ್ಸಿಪಾಲರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹಲಗೆ ನೋಡಿದರು, ನನ್ನ ಬಲಗೈ ನೋಡಿದರು. “ಕ್ಲಾಸ್ ಆದ ಮೇಲೆ ಬನ್ನಿ ಸರ್” ಎಂದರು. ಅಷ್ಟೆ.

ಗುಬ್ಬಿ ಮರಳಿ ಬಂದಳು. ಮುಖ ತೊಳೆದುಕೊಂಡು ಬಂದಿದ್ದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂರಲಿಲ್ಲ.

“ಸರ್, ನೀವು ಅಡ್ಡ ನಿಂತಿದ್ದೀರಿ. ಏನೂ ಕಾಣ್ತಾ ಇಲ್ಲ.”

ಹೌದು. ಇಷ್ಟು ವರ್ಷ ಹಲಗೆಯ ಎಡಕ್ಕೆ ನಿಂತು ಬಲಗೈಯಲ್ಲಿ ಬರೆದವನು. ಬರೆಯುವುದು ಕಾಣಲೆಂದು ಮಕ್ಕಳೆಲ್ಲ ಬಲಬದಿಗೆ ಕೂರುವುದು ರೂಢಿ. ಇಂದು ನಾನು ಬಲಕ್ಕೆ ನಿಂತಿದ್ದೆ. ನನ್ನ ಮೈಯೇ ಗೋಡೆ. ನಾನು ಸರಿಯುವ ಮೊದಲೇ ಅವಳು ತನ್ನ ಸ್ಟೂಲನ್ನು ಕರಕರ ಎಳೆಯುತ್ತ ಎಡಕ್ಕೆ ಹೋದಳು. ಹಿಂದೆಯೇ ಇನ್ನೊಂದು ಸ್ಟೂಲು. ಮತ್ತೊಂದು. ಕೊನೆಗೆ ಇಡೀ ತರಗತಿ.

ಈಗ ಎಲ್ಲರೂ ಅತ್ತ ಕಡೆಯಿದ್ದಾರೆ. ಗುಬ್ಬಿ ತನ್ನ ಅರ್ಜಿಯನ್ನು ತೊಡೆಯ ಮೇಲಿನ ಡ್ರಾಯಿಂಗ್ ಹಲಗೆಗೆ ಸಿಕ್ಕಿಸಿದ್ದಾಳೆ, ಬೆನ್ನು ಮೇಲಾಗಿ. ಅದರ ಖಾಲಿ ಬದಿಯಲ್ಲಿ ಬರೆಯುತ್ತಿದ್ದಾಳೆ — ಕೆಟಲನ್ನಲ್ಲ, ನನ್ನ ಎಡಗೈಯನ್ನು. ಹೆಬ್ಬೆರಳು ತುಸು ದಪ್ಪವಾಯಿತು. ಹೇಳಬೇಕು.

ಕರೆಯುತ್ತಿದ್ದಾಳೆ. “ಸರ್, ಬರೆದಿದ್ದು ಸಾಕು, ಕೈ ಮೊದಲಿನ ಥರ ಎತ್ತಿ ಹಿಡೀರಿ —”