ಹೊಳೆಯ ಕಾಳು

ಹಂಸಭಾವಿ,
ರವಿವಾರ, ೧೩ ಡಿಸೆಂಬರ್ ೧೯೮೭

ತಮ್ಮ ಪರಮೇಶಪ್ಪನಿಗೆ ಅಕ್ಕ ಶಾರವ್ವ ಮಾಡುವ ಆಶೀರ್ವಾದ.

ಸವಣೂರಿನ ನಮ್ಮ ಸಾಲೆಯ ವಿಳಾಸಕ್ಕೆ ನೀನು ಬರೆದ ಕಾಗದ ಮಂಗಳವಾರ ಮುಟ್ಟಿತು. ಲಕೋಟೆಯ ಮೇಲಿದ್ದ ಯುನಿವರ್ಸಿಟಿಯ ಮುದ್ರೆ ನೋಡಿ ಹೆಡ್ ಮಾಸ್ತರರು, ಇವರು ನಿಮಗೆ ಏನಾಗಬೇಕು ಅಂತ ಕೇಳಿದರು. ಪರಿಚಯದವರು ಅಂದೆ. ಇದು ನಿನ್ನಿಂದಲೇ ಕಲಿತ ಉತ್ತರ. ನಿನ್ನೆ ಸಾಲೆ ಬಿಟ್ಟ ಮೇಲೆ ಹಾವೇರಿಯಲ್ಲೊಮ್ಮೆ, ಹಿರೇಕೆರೂರಿನಲ್ಲೊಮ್ಮೆ ಬಸ್ಸು ಬದಲಿಸಿ ಇಲ್ಲಿಗೆ ಬಂದೆ. ನೀನು ಬರೆದದ್ದು ಅವ್ವನ ವಿಷಯ. ಆಕೆಗೆ ಓದಿ ಹೇಳದೆ ಉತ್ತರ ಬರೆಯುವುದು ನನಗೆ ಸರಿಕಾಣಲಿಲ್ಲ.

ನೀನು ಬರೆದದ್ದನ್ನು ನಿನಗೇ ಒಂದು ಸಲ ಓದಿ ತೋರಿಸುತ್ತೇನೆ. ಜನವರಿ ಹನ್ನೆರಡಕ್ಕೆ ಪರದೇಶದ ಪ್ರೊಫೆಸರು ಬರುತ್ತಾರೆ. ನಿನ್ನ ಲೇಖನ ಓದಿದ ಮೇಲೆ ಅವರಿಗೆ ನಮ್ಮೂರಿನ ಈ ಗುಡ್ಡವನ್ನು ಕಣ್ಣಾರೆ ನೋಡಬೇಕಾಗಿದೆ. ಅದೇ ಜಾಗದ ಕಲ್ಲನ್ನು ಅವರೆದುರಿಗೇ ಒಡೆದು, ಕುಟ್ಟಿ, ನೀರಿನಲ್ಲಿ ತೊಳೆದು ಅದರೊಳಗಿನ ಸಣ್ಣ ಕಾಳನ್ನು ಹೊಸದಾಗಿ ತೆಗೆಯಬೇಕಾಗಿದೆ. ತೊಳೆಯುವುದಕ್ಕೆ ಹಿಂದಿನ ಕೈಯೇ ಆಗಬೇಕು, ಬೇರೆಯವರದು ನಡೆಯುವುದಿಲ್ಲ. ಆದ್ದರಿಂದ 'ಹಿಂದಿನ ಸಲ ಬಂದಿದ್ದ ಆ ಹೆಂಗಸನ್ನು' ಕಳಿಸಿಕೊಡು, ನೆರೆಮನೆಯ ಯಂಕವ್ವನ ಜೊತೆ ಕೂಲಿಯವರ ಹಾಗೆ ಬಂದರೆ ಸಾಕು, ನೀನು ಮಾತ್ರ ಬರುವುದು ಬೇಡ ಅಂತ ನನಗೆ ಬರೆದಿದ್ದೀ. ಮೂರು ಹಾಳೆಯಲ್ಲಿ ಅವ್ವ ಅನ್ನುವ ಎರಡಕ್ಷರ ಹುಡುಕಿದೆ, ಸಿಗಲಿಲ್ಲ. ಕಾಗದ ಯಾರ ಕೈಗಾದರೂ ಸಿಕ್ಕೀತು ಅನ್ನುವ ಅಂಜಿಕೆ ಇರಬೇಕು.

ಅವ್ವ ಹತ್ತಿ ಬಿಡಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಓದಿ ಹೇಳಿದೆ. 'ಆ ಹೆಂಗಸು' ಅಂತ ಇದ್ದ ಕಡೆಯೆಲ್ಲ ನಾನೇ ಅವ್ವ ಅಂತ ಸೇರಿಸಿದೆ. ಆಕೆಗೆ ಎಷ್ಟು ಸಂತೋಷವಾಯಿತು ಅಂದರೆ, ನನಗೆ ನಿನ್ನ ಮೇಲಿದ್ದ ಸಿಟ್ಟು ಇನ್ನೂ ಹೆಚ್ಚಿತು. "ನನ್ನ ಕೈನ ಬೇಕಂತೇನು ಅಂವಗ?" ಅಂತ ಎರಡು ಸಲ ಕೇಳಿದಳು. ಹೌದು ಅಂದೆ. ಆ ಮಟ್ಟಿಗೆ ನೀನು ಸುಳ್ಳು ಬರೆದಿರಲಿಲ್ಲ.

ಎಂಬತ್ತೈದರ ಫೆಬ್ರವರಿ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನನಗೆ ಪೂರಾ ನೆನಪಿದೆ. ಗುಡ್ಡದ ಬುಡದ ಕೆರೆ ದಂಡೆಯಲ್ಲಿ ನಿಮ್ಮ ತಂಬು. ಮೂವರು ಕೂಲಿಯವರು ಕಲ್ಲಿನ ಹಿಟ್ಟನ್ನು ತೊಳೆದು ತೊಳೆದು ಬೇಕಾದದ್ದನ್ನೆಲ್ಲ ನೀರುಪಾಲು ಮಾಡಿದರು. ಆಗ ನಿನಗೆ ಅವ್ವನ ನೆನಪು ಬಂತು. ಕತ್ತಲಾದ ಮೇಲೆ ಮನೆಗೆ ಬಂದು, ಊಟಕ್ಕೂ ಕೂಡದೆ, ಬಾಗಿಲಲ್ಲೇ ನಿಂತು ಕೇಳಿದೆ. ಬಸವಣ್ಣೆಪ್ಪನವರ ಕಣದಲ್ಲಿ ಮೂವತ್ತು ವರ್ಷ ಜೋಳ ಹಸನು ಮಾಡಿದ ಕೈ ಅದು. ಮರುದಿನ ಹಿಟ್ಟು ನಾದುವ ತನ್ನ ಅಗಲ ಪರಾತ ತಾನೇ ಹೊತ್ತುಕೊಂಡು ಬಂದಳು. ನೀನು ಮೊದಲು ಕೈ ಪಳಗಲಿ ಅಂತ ಹಾನಗಲ್ಲ ಕಡೆಯಿಂದ ತಂದಿದ್ದ ವರದಾ ಹೊಳೆಯ ಉಸುಕು ಕೊಟ್ಟೆ. ಅದನ್ನು ನೀರಿನಲ್ಲಿ ಹೀಗೆ ತಿರುವಿ ಹಾಗೆ ಓಲಾಡಿಸಿ ಹಗುರಾದದ್ದನ್ನೆಲ್ಲ ಹರಿಯಬಿಟ್ಟಳು. ಪರಾತದ ತಳದಲ್ಲಿ ಕರಿ ಉಸುಕಿನ ಒಂದು ಗೆರೆ ಉಳಿಯಿತು. ನೀನು ಭೂತಗನ್ನಡಿ ಹಿಡಿದು ನೋಡಿ ನಕ್ಕೆ. ನೀನು ಸಣ್ಣವನಿದ್ದಾಗ ಹಾಗೆ ನಕ್ಕದ್ದನ್ನು ನೋಡಿದ್ದೆ, ಆಮೇಲೆ ನೋಡಿದ್ದು ಆವತ್ತೇ.

ನಾನು ಸೂಟಿ ಹಾಕಿ ಬಂದಿದ್ದೆ, ಅವ್ವನಿಗೆ ಬುತ್ತಿ ತಂದವಳ ಹಾಗೆ. ನಿನಗೂ ಒಂದು ಗಂಟು ಕಟ್ಟಿದ್ದೆ. ನೀನು ಮುಟ್ಟಲಿಲ್ಲ. ಹಾಜರಿ ಪಟ್ಟಿಯಲ್ಲಿ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡೆಯಲ್ಲ, ಆಗ ನಾನು ಹಿಂದೆಯೇ ನಿಂತಿದ್ದೆ. ಎಲ್ಲ ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರಿತ್ತು. ಅವ್ವನದು ಬರೀ 'ಕರೆವ್ವ, ಹಂಸಭಾವಿ'. ಅಲ್ಲಿ ಫಕ್ಕೀರಪ್ಪ ಅಂತ ಬರೆದಿದ್ದರೆ ನಿನ್ನ ಸರ್ಟಿಫಿಕೇಟಿನಲ್ಲಿದ್ದ ತಂದೆಯ ಹೆಸರೂ ಅದೇ ಅಂತ ಯಾರಾದರೂ ಗುರುತಿಸಬಹುದಿತ್ತು. ನಮ್ಮಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಆವತ್ತು ಒಂದು ಕಾಲಂನಿಂದಲೂ ಆತನನ್ನು ತೆಗೆದುಹಾಕಿದೆ.

ಆಮೇಲೆ ನಿನ್ನ ಸಂಶೋಧನೆಯ ಗೈಡು ಬಂದರು. ಒಳ್ಳೆಯ ಮನುಷ್ಯರೇ. ಬಿಸಿಲಲ್ಲಿ ಅವ್ವನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಆಕೆಯ ಕೈ ನೋಡಿದರು. ಈ ತಾಯಿ ಯಾರು, ಇದನ್ನೆಲ್ಲ ಎಲ್ಲಿ ಕಲಿತರು ಅಂತ ನಿನ್ನನ್ನು ಕೇಳಿದರು. ಇಲ್ಲಿಯ ಕೂಲಿಯವರು ಸರ್, ಇವರಿಗೆಲ್ಲ ಇದು ರೂಢಿ ಅಂದೆ. ಅವ್ವ ಮುಖ ಎತ್ತದೆ "ಹೌದ್ರಿ" ಅಂದಳು. ನಿನಗಿಂತ ಚೆನ್ನಾಗಿ ನಟಿಸಿದಳು. ಮರುವರ್ಷ ನೀನು ಆ ಗೈಡಿನ ಮಗಳನ್ನೇ ಮದುವೆಯಾದೆ. ನಮಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ, ನಿಮ್ಮ ಜೀಪಿನ ಡ್ರೈವರ್ ಬಾಬಾಜಾನನಿಂದ. ಆತ ಸವಣೂರಿನವನು, ತಂಬಿಗೆ ಬುತ್ತಿ ತಂದವಳು ಅಂತ ಗುರುತು ಹಿಡಿದು ಸಂತೆಯಲ್ಲಿ ಮಾತನಾಡಿಸಿದ. ನಮ್ಮ ಸಾಹೇಬ್ರು ಸಣ್ಣವರಿದ್ದಾಗನ ತಂದೆ ತಾಯಿ ತೀರಿಹೋದ್ರಂತ್ರಿ, ಪಾಪ, ಮದುವೀನೆಲ್ಲಾ ಮಾವನ ಮನೆಯವರೇ ಮಾಡಿದ್ರು ಅಂದ. ಆತನಿಗೇನು ಗೊತ್ತು ನಾನು ಯಾರೆಂದು. ಆಕೆ ಸತ್ತಳೆಂದು ನೀನು ಹೇಳಿಕೊಂಡ ಈ ಸಂಗತಿಯನ್ನು ಇಲ್ಲಿಯವರೆಗೆ ಅವ್ವನಿಗೆ ಹೇಳಿಲ್ಲ. ಮಗ ನೌಕರಿಯಲ್ಲಿ ಬಿಡುವಿಲ್ಲದೆ ಇದ್ದಾನೆ ಅಂತಲೇ ಹೇಳುತ್ತ ಬಂದಿದ್ದೇನೆ.

ಈಗ ಆ ಕಾಳಿನ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಪರದೇಶದಿಂದ ಆ ಕಾಳುಗಳ ವಯಸ್ಸಿನ ಲೆಕ್ಕ ಬಂದ ದಿನ ನೀನು ನನಗೊಂದು ಕಾಗದ ಬರೆದಿದ್ದೆ. ಅದೊಂದು ಮಾತ್ರ ತಮ್ಮ ಬರೆದ ಕಾಗದದ ಹಾಗಿತ್ತು. ಈಗಲೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಈ ಗುಡ್ಡದ ಕಲ್ಲು ಒಂದು ಕಾಲಕ್ಕೆ ಬರೀ ಉಸುಕಾಗಿತ್ತು, ಅದಕ್ಕೂ ಹಳೆಯ ಬೆಟ್ಟಗಳು ಸವೆದು ಆ ಉಸುಕು ಬಂದಿತ್ತು, ಅದರೊಳಗಿನ ಜಿರ್ಕಾನ್ ಅನ್ನುವ ಕಾಳು ಮಾತ್ರ ತಾನು ಹುಟ್ಟಿದ ಕಾಲವನ್ನು ಮರೆಯುವುದಿಲ್ಲ, ಒಂದೊಂದೇ ಕಾಳಿನ ವಯಸ್ಸು ತಿಳಿದರೆ ಯಾವ ಬೆಟ್ಟದಿಂದ ಬಂದದ್ದು ಅಂತ ಹೇಳಬಹುದು ಅಂತ ಬರೆದಿದ್ದೆ. ನನ್ನ ತಲೆಗೆ ಹೋಗಲಿ ಅಂತ ಶೇಂಗಾ ಚಟ್ನಿಯ ಮಾತು ಹೇಳಿದ್ದೆ. ಚಟ್ನಿಗೆ ಹಳೇ ಶೇಂಗಾ ಎಷ್ಟಾದರೂ ಬಿದ್ದಿರಲಿ, ಅದರಲ್ಲಿ ಹೋದ ವಾರ ತಂದ ಒಂದೇ ಒಂದು ಕಾಳು ಸಿಕ್ಕರೂ ಆ ಚಟ್ನಿ ಕುಟ್ಟಿದ್ದು ಹೋದ ವಾರದ ಈಚೆಗೇ. ಅರವತ್ತು ಕಾಳಿನಲ್ಲಿ ಐವತ್ತೊಂಬತ್ತು ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನವು, ಒಂದೇ ಒಂದು ಇನ್ನೂರೈವತ್ತು ಕೋಟಿಯದು. ಆದ್ದರಿಂದ ಈ ಕಲ್ಲು ಹಿರಿಯರೆಲ್ಲ ಹೇಳಿದಷ್ಟು ಹಳೆಯದಲ್ಲ. ಒಂದು ಕಾಳಿನ ಮೇಲೆ ಇಷ್ಟು ಹೇಳಬಾರದು ಅಂತ ಕೆಲವರು ಅಂದರು, ನೀನು ಹಟ ಹಿಡಿದು ಅಚ್ಚು ಹಾಕಿಸಿದೆ. ಹೆಸರೂ ಬಂತು, ಯುನಿವರ್ಸಿಟಿಯಲ್ಲಿ ರೀಡರ್ ಹುದ್ದೆಯೂ ಬಂತು. ಆ ಲೇಖನದ ಕೊನೆಗೆ ಬಾಬಾಜಾನನಿಗೆ ಹೆಸರು ಹೇಳಿ ಉಪಕಾರ ಸ್ಮರಿಸಿದ್ದೀ. ತೊಳೆದವರು 'ಸ್ಥಳೀಯ ಕೂಲಿಗಳು'. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಿಂದ ಓದಿಸಿಕೊಂಡೆ.

ನಿನ್ನೆ ಅವ್ವ ಕೇಳಿದಳು, ಒಂದ ಕಾಳಿಗೆ ಇಷ್ಟ್ಯಾಕ ಅಂತ. ಅದೇ ಚಟ್ನಿಯ ಮಾತನ್ನು ಹೇಳಿದೆ. ಉಳಿದವೆಲ್ಲ ಒಂದು ವಯಸ್ಸು, ಅದೊಂದೇ ಸಣ್ಣ ವಯಸ್ಸಿನದು ಅಂದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅದು ಗುಡ್ಡದ್ದಲ್ಲ, ಶಾರಿ. ಅದು ಹೊಳೀದು" ಅಂದಳು.

ಒಂದು ಕಲ್ಲು ಮುಗಿದ ಮೇಲೆ ಪರಾತವನ್ನು ಹತ್ತು ಸಲ ತಿಕ್ಕಿ ತೊಳೆಯಬೇಕು, ಕಣ್ಣಿಗೆ ಕಾಣದ ಕಾಳೂ ಉಳಿಯಬಾರದು ಅಂತ ನೀನು ಹೇಳಿದ್ದೆ. ಅವ್ವ ತೊಳೆದಳು. ನೀನು ನಿಂತು ನೋಡಿದೆ. ಆದರೆ ಕಣದಲ್ಲಿ ಬೆಳೆದವಳು, ಮೊರವನ್ನಾಗಲಿ ಕೊಳಗವನ್ನಾಗಲಿ ಪೂರಾ ಬರಿದು ಮಾಡಿ ಕೆಳಗಿಡುವವಳಲ್ಲ. ಒಂದು ಚಿಟಿಕೆ ಉಳಿಸಲೇಬೇಕು, ಅದು ಮುಂದಿನ ರಾಶಿಯನ್ನು ಕರೆತರುತ್ತದೆ ಅನ್ನುವ ನಂಬಿಕೆ. ಹೊಳೆಯ ಕರಿ ಉಸುಕಿನಲ್ಲಿ ಒಂದು ಚಿಟಿಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಉಳಿದದ್ದನ್ನು ನೀನು ಕೈ ಪಳಗಿಸಲು ತಂದದ್ದು ಅಂತ ಚೆಲ್ಲಿಸಿದೆ. ಪರಾತ ತೊಳೆದಾದ ಮೇಲೆ, ಗುಡ್ಡದ ಕಲ್ಲಿನ ಹಿಟ್ಟು ಸುರಿಯುವ ಮೊದಲು ಆಕೆ ಆ ಗಂಟು ಬಿಚ್ಚಿ ಉದುರಿಸಿದಳು. "ಅಂವಾ ಹೇಳಿದಂಗ ತೊಳದೆ, ನಮ್ಮವ್ವ ಹೇಳಿದಂಗ ಇಟ್ಟೆ. ಅಂವಗ ಚಲೋ ಆಗಲಿ ಅಂತ ಮಾಡಿದ್ನೆಲ್ಲ" ಅಂದಳು. ವರದಾ ಹೊಳೆ ಎಲ್ಲೆಲ್ಲಿಯ ಕಲ್ಲನ್ನೋ ಸವೆಸಿಕೊಂಡು ಬರುತ್ತದೆ, ಅದರಲ್ಲಿ ಎಲ್ಲ ವಯಸ್ಸಿನ ಕಾಳೂ ಇರುತ್ತವೆ ಅಂತ ನೀನೇ ಆ ದಿನ ಹೇಳಿದ್ದೆ.

ಪರಮೇಶಪ್ಪಾ, ಹನ್ನೆರಡಕ್ಕೆ ಎಷ್ಟು ಕಲ್ಲು ಕುಟ್ಟಿದರೂ ಅಂಥ ಕಾಳು ಸಿಗುವುದಿಲ್ಲ. ಪ್ರೊಫೆಸರ ಎದುರಿಗೆ ಸಿಕ್ಕಿಬೀಳುವುದಕ್ಕಿಂತ ಅವರು ಬರುವ ಮೊದಲು ನೀನೇ ಬರೆದು ತಿಳಿಸುವುದು ಲೇಸು. ತಪ್ಪು ತಿದ್ದಿಕೊಂಡವನಿಗೆ ಇನ್ನೊಂದು ದಾರಿ ಇರುತ್ತದೆ ಅಂತ ನಾನು ತಿಳಿದಿದ್ದೇನೆ. ಆದರೆ ತೊಳೆದ ಪರಾತದಲ್ಲಿ ಹೊಳೆಯ ಕಾಳು ಹೇಗೆ ಬಂತು ಅಂತ ಅವರು ಕೇಳೇ ಕೇಳುತ್ತಾರೆ. ಆ ಹೆಂಗಸು ಯಾಕೆ ಹಾಗೆ ಮಾಡಿದಳು, ನಿಮಗೆ ಮೂರು ವರ್ಷದ ಮೇಲೆ ಹೇಗೆ ತಿಳಿಯಿತು, ಆಕೆ ನಿಮಗೆ ಒಳ್ಳೆಯದಾಗಲಿ ಅಂತ ಯಾಕೆ ಬಯಸಿದಳು ಅಂತ ಕೇಳುತ್ತಾರೆ. ಆಕೆ ನನ್ನ ತಾಯಿ ಅಂದರೆ ಮಾತ್ರ ಇದಕ್ಕೆಲ್ಲ ಉತ್ತರ ಸಿಗುತ್ತದೆ. ಅದನ್ನು ಬರೆ. ನಿನ್ನ ಮಾವನಿಗೂ ಹೆಂಡತಿಗೂ ಅದೇ ದಿನ ಹೇಳು. ಅಲ್ಲಿಯವರೆಗೆ ಅವ್ವನನ್ನು ನಾನು ಕಳಿಸುವುದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಒಂದನ್ನು ಮುಚ್ಚಿಟ್ಟು ನಿನಗೆ ಬುದ್ಧಿ ಹೇಳುವುದು ನನಗೂ ತರವಲ್ಲ. ಇದು ನನಗೆ ನಿನ್ನೆ ತಿಳಿದದ್ದಲ್ಲ. ಅವ್ವ ಸೆರಗಿನ ಗಂಟು ಬಿಚ್ಚಿದ್ದನ್ನು ಆವತ್ತೇ ನೋಡಿದ್ದೆ. ನೀನು ಗೈಡಿನ ಎದುರಿಗೆ 'ಇಲ್ಲಿಯ ಕೂಲಿಯವರು' ಅಂದು ಗಳಿಗೆಯೂ ಆಗಿರಲಿಲ್ಲ. ನಿನಗೆ ಕೂಗಿ ಹೇಳಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಆಗ ಅದು ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಚಟ್ನಿಯ ಕಾಗದ ಬಂದಾಗ ಗೊತ್ತಾಯಿತು. ಅಚ್ಚಾಗುವ ಮೊದಲು ಒಂದು ಕಾರ್ಡು ಬರೆದಿದ್ದರೆ ನೀನು ಉಳಿಯುತ್ತಿದ್ದೆ. ಬರೆಯಲಿಲ್ಲ. ಏರಲಿ, ಇನ್ನೂ ಮೇಲೇರಲಿ, ಆಮೇಲೆ ಬೀಳಲಿ ಅಂದುಕೊಂಡೆ. ಒಡಹುಟ್ಟಿದವನ ಬಗ್ಗೆ ಹಾಗೆ ಅಂದುಕೊಂಡು ಒಂದು ವರ್ಷ ಉಂಡು ಮಲಗಿದ್ದೇನೆ. ಇದಕ್ಕೆ ಕ್ಷಮೆ ಕೇಳುವ ಮನಸ್ಸು ಇನ್ನೂ ಬಂದಿಲ್ಲ.

ನಿನ್ನ ಉತ್ತರಕ್ಕೆ ಕಾದಿರುವ,
ಅಕ್ಕ,
ಶಾರವ್ವ

ತಾ.ಕ.: ಕಾಗದ ಮಡಿಸುವ ಮೊದಲು ಅವ್ವನಿಗೆ ಓದಿ ಹೇಳಿದೆ. ನಿನ್ನ ಮನೆಯಲ್ಲಿ ಆಕೆ ಸತ್ತಿರುವ ಸಾಲುಗಳನ್ನು ಬಿಟ್ಟೆ. ನಾನು ಕಂಡೂ ಸುಮ್ಮನಿದ್ದದ್ದನ್ನು ಬಿಡಲಿಲ್ಲ. ಆಕೆ ನನ್ನ ಮುಖ ನೋಡಿದಳು. ಆಮೇಲೆ, ನನ್ನ ಮಾತೂ ಬರಿ ಅಂದಳು. ಆಕೆ ಹೇಳಿದ ಹಾಗೇ ಬರೆಯುತ್ತೇನೆ: "ಅವ್ವ ಅಂತ ಯಾಕ ಹೇಳಬೇಕು ಅಂವಾ? ಕೂಲಿಯಾಕಿ ತಿಳೀಲಾರದ ಮಾಡ್ಯಾಳ ಅನ್ನಲಿ, ಆತು. ನಾನೂ ಬಂದು, ಹೌದ್ರಿ, ತಪ್ಪು ನಂದು, ಇವರದೇನಿಲ್ರಿ ಅಂತ ಕೈ ಮುಗೀತೇನಿ." ಬೇಡ ಅಂತ ಎಷ್ಟು ಹೇಳಿದರೂ ಕೇಳಲೊಲ್ಲಳು. ಹನ್ನೆರಡಕ್ಕೆ ಬರುತ್ತಾಳೆ. ಪರದೇಶದವರ ಎದುರಿಗೆ ನಿನ್ನನ್ನು ಸಾಹೇಬ್ರ ಅನ್ನಬೇಕೋ, ಸರ್ ಅನ್ನಬೇಕೋ ಅಂತ ಕೇಳಿದ್ದಾಳೆ. ಅದೊಂದನ್ನು ಬರೆದು ತಿಳಿಸು.